ಬಾಗಿಲು ದಾಟದ ಕುರ್ಚಿ

ಬೆಂಕಿ ಹಾದುಹೋಗಲೆಂದು ನನ್ನನ್ನು ಮಾಡಿದರು. ಉಗಿಬಂಡಿಯ ಹೊಟ್ಟೆಯೊಳಗೆ ನನ್ನಂಥ ಕೊಳವೆಗಳು ನೂರಾರು ಇರುತ್ತವೆ. ಒಲೆಯ ಬೆಂಕಿ ನಮ್ಮೊಳಗಿಂದ ಹರಿಯುತ್ತದೆ, ನಮ್ಮ ಸುತ್ತ ನೀರು ಕುದಿಯುತ್ತದೆ, ಆ ಕುದಿತದಿಂದ ಬಂಡಿ ಓಡುತ್ತದೆ. ನಾನು ಎರಡು ಇಂಚು ದಪ್ಪ, ಎರಡಾಳು ಉದ್ದ. ಇಪ್ಪತ್ತಾರು ವರ್ಷ ಹೊರಗಿನ ಬೆಳಕು ಕಾಣಲಿಲ್ಲ. ಹಿರೇಗಟ್ಟಿ ಜಂಕ್ಷನ್ನಿನಿಂದ ಹೊರಟ ನನ್ನ ಬಂಡಿ ಯಾವ ಊರಿಗೆ ಹೋಯಿತು, ಯಾರನ್ನು ಹೊತ್ತಿತು, ನನಗೆ ತಿಳಿಯದು. ತಿಳಿದದ್ದು ಬಿಸಿ ಮತ್ತು ಮಸಿ. ಇದನ್ನು ಕಷ್ಟವೆಂದು ಹೇಳುತ್ತಿಲ್ಲ. ಕೆಲಸವಿತ್ತು, ಮಾಡುತ್ತಿದ್ದೆ.

ಡೀಸೆಲ್ ಬಂದ ಮೇಲೆ ಉಗಿಬಂಡಿಗಳನ್ನೆಲ್ಲ ಶೆಡ್ಡಿನ ಹಿಂದೆ ಸಾಲಾಗಿ ನಿಲ್ಲಿಸಿದರು. ಶೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಯಾವುದರ ಕೆಲಸ ಮುಗಿಯಿತೋ ಅದರ ಮೇಲೆ ಸುಣ್ಣದಲ್ಲಿ ಎರಡು ಓರೆ ಗೀಟು ಎಳೆಯುತ್ತಾರೆ, ಒಂದರ ಮೇಲೊಂದು. ಅದಕ್ಕೆ ಕಂಡಮ್ ಆಗುವುದು ಎನ್ನುತ್ತಾರೆ. ಕಂಡಮ್ ಆದ ಮಾಲಿಗೆ ಪುಸ್ತಕದಲ್ಲಿ ಜಾಗವಿಲ್ಲ. ಅದು ಗುಜರಿಗೆ ಹೋಗಬಹುದು, ಕಾಲೊನಿಯಲ್ಲಿ ಬಟ್ಟೆ ಒಣಗಿಸುವ ಗಳವಾಗಬಹುದು, ಎಮ್ಮೆ ಕಟ್ಟುವ ಗೂಟವಾಗಬಹುದು. ಮೊದಲು ಅದು ಏನಾಗಿತ್ತು ಎಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ನನ್ನ ಮೇಲೂ ಆ ಗೀಟು ಬಿತ್ತು. ಬಂಡಿಯ ಹೊಟ್ಟೆ ಸೀಳಿ ನನ್ನನ್ನು ಎಳೆದು ಹೊರಗೆ ಹಾಕಿದರು. ಮೊದಲ ಸಲ ಬಿಸಿಲು ಬಿತ್ತು. ಬಿಸಿಯೆನ್ನುವುದು ಹೊರಗಿನಿಂದಲೂ ಬರುತ್ತದೆ ಎಂದು ಆಗ ಗೊತ್ತಾಯಿತು.

ಶೆಡ್ಡಿನ ಫೋರ್‌ಮನ್ ನೀಲಕಂಠಪ್ಪ ಹೊಂಬಳ ಎಂಬವನು ರೈಲ್ವೆ ಕಾಲೊನಿಯ ಆಟದ ಸಂಘಕ್ಕೆ ಸೆಕ್ರೆಟರಿಯೂ ಆಗಿದ್ದ. ರೈಲ್ವೆ ಹೈಸ್ಕೂಲಿನ ಮೈದಾನಕ್ಕೆ ಗೋಲು ಬೇಕಿತ್ತು. ನಮ್ಮನ್ನು ಬೂಟಿನಿಂದ ಉರುಳಿಸಿ ನೋಡಿ, ಇವೇ ಸಾಕು ಎಂದ. ಅಡ್ಡಪೈಪಿಗೆ ಒಂದು ಕೊಳವೆ ಸಾಲದು. ವೆಲ್ಡರ್ ದಸ್ತಗೀರ ನನ್ನ ತುದಿಗೆ ಇನ್ನೊಂದನ್ನು ಹಿಡಿದು ಬೆಸೆದ. ಬೆಸುಗೆ ಹಲ್ಲಿಯ ಬೆನ್ನಿನಂತೆ ಸಣ್ಣಸಣ್ಣ ಗಂಟುಗಳಾಗಿ ಎದ್ದು ನಿಂತಿತು. ಹೊಂಬಳ ಅದನ್ನು ಉಜ್ಜಿ ನುಣ್ಣಗೆ ಮಾಡೆಂದ. ದಸ್ತಗೀರ ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜು ಇಳಿಸಿ ಹೇಳಿದ:

"ಉಜ್ಜಿದ್ರ ಚಂದ ಕಾಣತೈತ್ರಿ ಸಾಹೇಬ್ರ. ತಾಕತ್ತು ಹೋಗತೈತಿ. ಇರ್ಲಿ ಬಿಡ್ರಿ, ಯಾರು ಹತ್ತಿ ನೋಡ್ತಾರ?"

ಕಂಬಗಳನ್ನು ಮೊಣಕಾಲುದ್ದ ಕಾಂಕ್ರೀಟಿನಲ್ಲಿ ಹೂತರು. ನನ್ನನ್ನು ಮೇಲೆ ಕೂರಿಸಿ ಬಿಳಿ ಬಣ್ಣ ಬಳಿದರು. ಹೀಗೆ ನಾನು ಗೋಲಿನ ಅಡ್ಡಪೈಪಾದೆ. ಒಂಬತ್ತು ವರ್ಷ ಹಾಗೇ ನಿಂತಿದ್ದೆ. ಚೆಂಡು ಬಂದು ಬಡಿದಾಗ ನನ್ನ ಟೊಳ್ಳಿನೊಳಗೆ ಸದ್ದು ಎದ್ದು ಎರಡೂ ತುದಿಗೆ ಓಡುತ್ತಿತ್ತು. ಮಳೆಗಾಲದಲ್ಲಿ ಗುಬ್ಬಿಗಳು ನನ್ನ ಮೇಲೆ ಸಾಲಾಗಿ ಕೂರುತ್ತಿದ್ದವು. ಆ ಒಂಬತ್ತು ವರ್ಷದ ಬಗ್ಗೆ ಹೇಳುವುದು ಇಷ್ಟೇ. ಚೆನ್ನಾಗಿದ್ದ ದಿನಗಳ ಮಾತು ಬೇಗ ಮುಗಿಯುತ್ತದೆ.

ಕಲ್ಮೇಶ ಗೋಲ್‌ಕೀಪರ್ ಆದದ್ದು ಎಂಟನೇ ಇಯತ್ತೆಯಲ್ಲಿ. ಅವನಪ್ಪ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು, ಅದಕ್ಕೆ ಒಂದು ವರ್ಷ ಹಿಂದೆ ಹಳಿಯ ಮೇಲೆಯೇ ತೀರಿಕೊಂಡಿದ್ದ. ಅವನವ್ವ ಸುನಂದಾಳಿಗೆ ಗಂಡನ ಬದಲಿಗೆ ಶೆಡ್ಡಿನ ಸ್ಟೋರಿನಲ್ಲಿ ನೌಕರಿ ಸಿಕ್ಕಿತ್ತು. ಬಿ ಲೈನಿನ ಕೊನೆಯ ಕ್ವಾರ್ಟರ್ಸು ಅವಳ ಹೆಸರಿಗೆ ಬಂದಿತ್ತು. ಕೆಲಸಗಾರರಿಗೆ ಕೈಗವಸು, ಒರೆಸುವ ಹತ್ತಿ, ಎಣ್ಣೆ ಅಳೆದು ಕೊಡುವುದು ಅವಳ ಕೆಲಸ. ಮೂವತ್ತನಾಲ್ಕು ವರ್ಷದ ಹೆಂಗಸು, ಮಾತು ಕಡಿಮೆ. ಮಗನ ಆಟ ನೋಡಲು ಬಂದರೆ ಮೈದಾನದ ಅಂಚಿನ ಬೇವಿನ ಮರದ ಹಿಂದೆ ನಿಲ್ಲುತ್ತಿದ್ದಳು, ಮುಂದೆ ಬರುತ್ತಿರಲಿಲ್ಲ.

ಕಲ್ಮೇಶ ಎತ್ತರದ ಹುಡುಗನಲ್ಲ. ಜಿಗಿತ ಮಾತ್ರ ಬೆಕ್ಕಿನದು. ಪ್ರತಿ ಆಟಕ್ಕೆ ಮುಂಚೆ ನನ್ನ ಕೆಳಗೆ ನಿಂತು, ಒಮ್ಮೆ ಮೇಲೆ ನೋಡಿ, ಎರಡು ಸಲ ಜಿಗಿಯುತ್ತಿದ್ದ. ಎರಡು ಸಲವೂ ಬೆರಳಿನ ಗೆಣ್ಣಿನಿಂದ ಸರಿಯಾಗಿ ಬೆಸುಗೆಯ ಮೇಲೆ ಬಡಿಯುತ್ತಿದ್ದ, ಮನೆಯೊಳಗೆ ಯಾರಾದರೂ ಇದ್ದಾರೇನೋ ಎಂದು ಬಾಗಿಲು ಬಡಿದ ಹಾಗೆ. ನಾನು ಟಣ್ ಎನ್ನುತ್ತಿದ್ದೆ. ಆಮೇಲೆ ಅವನು ತಿರುಗಿ ನಿಂತು ಆಟಕ್ಕೆ ಸಿದ್ಧನಾಗುತ್ತಿದ್ದ. ನನ್ನನ್ನು ಮಾತಾಡಿಸಿದವನು ಅವನೊಬ್ಬನೇ.

ಅವನು ಹತ್ತನೇ ಇಯತ್ತೆಯಲ್ಲಿದ್ದಾಗ ರೈಲ್ವೆ ಸಪ್ತಾಹಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು. ಮೈದಾನದಲ್ಲಿ ಶಾಮಿಯಾನ ಹಾಕಲು ಗೋಲು ಅಡ್ಡ ಬಂತು. ಹೊಂಬಳ ಕಂಬಗಳನ್ನು ನೆಲಮಟ್ಟದಲ್ಲಿ ಕತ್ತರಿಸಿ ತೆಗೆಸಿದ. ಸಪ್ತಾಹ ಮುಗಿಯಿತು, ಹಾರ ತುರಾಯಿ ಎಲ್ಲ ಆಯಿತು. ಮತ್ತೆ ಹೂಳಲು ಕಂಬ ಮೋಟಾಗಿತ್ತು, ಮೂರು ದಿನದಲ್ಲಿ ಶಾಲೆಗಳ ಫುಟ್‌ಬಾಲ್ ಫೈನಲ್ ಇತ್ತು. ಕಂಬಗಳ ಬುಡಕ್ಕೆ ಎರಡು ತಗಡಿನ ಪಟ್ಟಿ ಬೆಸೆದು ನೆಲದ ಮೇಲೆ ಹಾಗೇ ನಿಲ್ಲಿಸಿ, ಹಿಂದೆ ಎರಡು ಮರಳಿನ ಚೀಲ ಇಟ್ಟರು. ನೆಲಕ್ಕೆ ಗೂಟ ಹೊಡೆದು ಬೆಸೆಯಬೇಕು ಎಂದು ದಸ್ತಗೀರ ಎರಡು ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ. ಫೈನಲ್ ಮುಗಿಯಲಿ ಎಂದ ಹೊಂಬಳ. ದಸ್ತಗೀರ ಮೂರನೆಯ ಸಲ ಹೇಳಲಿಲ್ಲ.

ಫೈನಲ್ ದಿನ ಕಲ್ಮೇಶ ಎಂದಿನಂತೆ ಜಿಗಿದು ಬಡಿದ. ನಾನು ಟಣ್ ಎನ್ನುವ ಮೊದಲು ಅಲುಗಿದೆ. ಅವನಿಗೆ ಗೊತ್ತಾಯಿತು. ಎರಡನೆಯ ಸಲ ಜಿಗಿಯದೆ ನೇರ ಹೊಂಬಳನ ಹತ್ತಿರ ಹೋದ.

"ಸರ್, ಗೋಲು ಅಳ್ಳಾಡತೈತ್ರಿ."

"ನೀ ಅಳ್ಳಾಡಬ್ಯಾಡಪಾ. ಅದು ಅಳ್ಳಾಡಿದ್ರ ಅಳ್ಳಾಡವಲ್ದ್ಯಾಕ."

ಸುತ್ತ ನಿಂತವರು ನಕ್ಕರು. ದಸ್ತಗೀರನೂ ಅಲ್ಲೇ ಇದ್ದ. ಅವನು ನಕ್ಕನೋ ಇಲ್ಲವೋ ನನಗೆ ಕಾಣಲಿಲ್ಲ.

ಎರಡನೆಯ ಅರ್ಧದಲ್ಲಿ ಎದುರಿನ ಶಾಲೆಯವರು ದೂರದಿಂದ ಚೆಂಡು ಎತ್ತಿ ಹೊಡೆದರು. ಅದು ನನ್ನ ಮೈಗಂಟಿಕೊಂಡೇ ಒಳಗೆ ಇಳಿಯುವಂತಿತ್ತು. ಕಲ್ಮೇಶ ಹಿಂದೆ ಸರಿದು ಜಿಗಿದ. ಬೆರಳ ತುದಿಯಿಂದ ಚೆಂಡನ್ನು ನನ್ನ ಮೇಲಿಂದ ಆಚೆ ದಾಟಿಸಿದ. ಇಳಿಯುವಾಗ ಅವನ ಅಂಗೈ ನನ್ನ ಮೇಲೆ ಒಂದು ಕ್ಷಣ ಆತುಕೊಂಡಿತು, ಮೆಟ್ಟಿಲು ಇಳಿಯುವವರು ಗೋಡೆಗೆ ಕೈಯಿಡುವಷ್ಟು. ಅಷ್ಟೇ. ಹಿಂದಿನ ಎರಡು ಚೀಲಗಳಲ್ಲಿ ಒಂದನ್ನು ಆಟ ನೋಡಲು ಬಂದವರು ಯಾರೋ ಕೂರಲು ಎಳೆದುಕೊಂಡು ಹೋಗಿದ್ದರು. ಅವನು ನೆಲಕ್ಕೆ ಬಂದು, ಎಡವಿ, ಮೊಣಕಾಲೂರಿ ಬಾಗಿದ. ಅವನ ಹಿಂದೆಯೇ ನಾನು ಬಂದೆ.

ನಾನು ಅವನ ಬೆನ್ನಿನ ಮೇಲೆ ಬಿದ್ದೆ. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬಾರದು.

ಜನ ಓಡಿಬಂದು ನನ್ನನ್ನು ಎತ್ತಿದರು. ಬೇವಿನ ಮರದ ಹಿಂದಿನಿಂದ ಸುನಂದಾ ಬಂದಳು. ಕಲ್ಮೇಶ ಅಳುತ್ತಿರಲಿಲ್ಲ. ಬೂಟು ಯಾರು ಬಿಚ್ಚಿದಿರಿ ಎಂದು ಕೇಳುತ್ತಿದ್ದ. ಯಾರೂ ಬಿಚ್ಚಿರಲಿಲ್ಲ.

ಆಮೇಲೆ ಕಾಲೊನಿ ಏನು ಮಾಡಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ರಕ್ತ ಕೊಡಲು ಶೆಡ್ಡಿನ ಅರ್ಧ ಶಿಫ್ಟು ದವಾಖಾನೆಯ ಮುಂದೆ ನಿಂತಿತ್ತಂತೆ. ಸೋಮವಾರ ಎ ಲೈನು, ಮಂಗಳವಾರ ಬಿ ಲೈನು ಎಂದು ಸರತಿ ಹಾಕಿಕೊಂಡು ಎರಡು ತಿಂಗಳು ಊಟದ ಡಬ್ಬಿ ಕಳಿಸಿದರು. ಸುನಂದಾಳ ಪಾಳಿಯನ್ನು ಬೇರೆಯವರು ಮಾಡಿದರು. ಅವಳ ಮನೆಗೆ ನೀರು ತುಂಬಿದರು, ಕಸ ಗುಡಿಸಿದರು. ಆ ಅನ್ನ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಒಳ್ಳೆಯದಿತ್ತು. ಆಗ ಅವಳಿಗೆ ಬೇಗ ಗೊತ್ತಾಗುತ್ತಿತ್ತು.

ಆಟದ ಮರುದಿನ ಬೆಳಿಗ್ಗೆ, ಡಬ್ಬಿಗಳ ಸರತಿ ಬರೆಯುತ್ತಿದ್ದ ಹೊತ್ತಿಗೇ, ಹೊಂಬಳ ಸುಣ್ಣದ ಡಬ್ಬಿ ಹಿಡಿದು ಮೈದಾನಕ್ಕೆ ಬಂದ. ಎರಡನೆಯ ಸಲ ನನ್ನ ಮೇಲೆ ಓರೆ ಗೀಟು ಬಿತ್ತು. ಊಟದ ಸೈರನ್ ಆದ ಮೇಲೆ, ಶೆಡ್ಡು ಖಾಲಿಯಿದ್ದಾಗ, ದಸ್ತಗೀರ ಗ್ಯಾಸಿನ ಜ್ವಾಲೆಯಿಂದ ನನ್ನನ್ನು ಕತ್ತರಿಸಿದ. ಅವನ ಕೈ ನಿಧಾನವಾಗಿತ್ತು. ಬೆಸುಗೆಯ ಹತ್ತಿರ ಬಂದು ಜ್ವಾಲೆ ನಿಲ್ಲಿಸಿದ. ಇದೊಂದು ತುಂಡು ಉದ್ದವಿರಲಿ ಎಂದ. ಯಾಕೆ ಎಂದು ಹೊಂಬಳ ಕೇಳಲಿಲ್ಲ. ಪೊಲೀಸರು ಸಂಜೆ ಬಂದರು. ಗೋಲು ಎಲ್ಲಿ ಎಂದು ಕೇಳಿದರು. ಕಂಡಮ್ ಆಗಿದೆ ಎಂದ ಹೊಂಬಳ. ಶೆಡ್ಡಿನಲ್ಲಿ ಆ ಮಾತಿನ ಮುಂದೆ ಇನ್ನೊಂದು ಪ್ರಶ್ನೆಯಿಲ್ಲ. ಅವರು ಚಹಾ ಕುಡಿದು ಹೋದರು.

ಎರಡು ತಿಂಗಳು ತುಂಡುಗಳಾಗಿ ಶೆಡ್ಡಿನ ಹಿಂದೆ ಬಿದ್ದಿದ್ದೆ. ಹುಡುಗನ ಸೊಂಟದ ಕೆಳಗೆ ಜೀವ ಬರುವುದಿಲ್ಲ, ಗಾಲಿ ಕುರ್ಚಿ ಬೇಕು ಎಂದು ಡಾಕ್ಟರು ಹೇಳಿದ ಸುದ್ದಿ ಬಂತು. ಇಂಜಿನ್ ಎಬ್ಬಿಸುವ ಶೆಡ್ಡಿಗೆ ಒಂದು ಕುರ್ಚಿ ಹೆಚ್ಚೇ ಎಂದು ಹೊಂಬಳ ಎಲ್ಲರನ್ನೂ ಕೂಡಿಸಿ ಹೇಳಿದ. ಎಲ್ಲರೂ ಮುಂದೆ ಬಂದರು. ಒಬ್ಬ ಗಾರ್ಡಿನ ಬೋಗಿಯ ಸೀಟಿನ ಹಸಿರು ರೆಕ್ಸಿನ್ ತಂದ. ಒಬ್ಬ ಲಗೇಜು ಗಾಡಿಯ ಚಕ್ರ ತಂದ. ಪೈಪು ಯಾವುದು ಎಂಬ ಪ್ರಶ್ನೆ ಬಂದಾಗ ಹೊಂಬಳ ದಸ್ತಗೀರನನ್ನು ಶೆಡ್ಡಿನ ಹಿಂದೆ ಕರೆತಂದು ನನ್ನನ್ನು ತೋರಿಸಿದ.

ದಸ್ತಗೀರ ಬೇಡವೆಂದ. ಇದು ದಪ್ಪ ಪೈಪು, ಕುರ್ಚಿ ಭಾರವಾಗುತ್ತದೆ ಎಂದ. ಅವನು ಹೇಳಬೇಕೆಂದಿದ್ದು ಅದಲ್ಲವೆಂದು ಹೊಂಬಳನಿಗೂ ಗೊತ್ತಿತ್ತು.

"ಇಲ್ಲಿ ಬಿದ್ದಿದ್ರ ಇವತ್ತಿಲ್ಲ ನಾಳೆ ಯಾರರ ನೋಡ್ತಾರ," ಎಂದ ಹೊಂಬಳ, ಮೆಲ್ಲಗೆ, ಮನೆಯವರಿಗೆ ತಿಳಿಹೇಳುವ ಹಾಗೆ. "ಅವರ ಮನ್ಯಾಗ ಇದ್ರ ಯಾರ ನೋಡ್ತಾರ ದಸ್ತಗೀರ? ನಿನ್ನ ರಿಟೈರ್‌ಮೆಂಟ್ ಒಂದು ವರ್ಷ ಉಳದೈತಿ. ಅದನ್ನ ನೋಡ್ಕೋ."

ಹೀಗೆ ನಾನು ಕುರ್ಚಿಯಾದೆ. ಬೆಸುಗೆಯಿದ್ದ ಉದ್ದನೆಯ ತುಂಡು ಎಡಗೈ ಊರುವ ಜಾಗಕ್ಕೆ ಬಂತು. ಬೆಸುಗೆ ಕೆಳಮುಖವಾಗಿ ಅಡಗಿತು. ಬೋಗಿಗಳಿಗೆ ಬಳಿಯುವ ಇಟ್ಟಿಗೆ ಕೆಂಪನ್ನು ಮೂರು ಸಲ ಬಳಿದರು. ಬೆನ್ನಿಗೆ ಒಂದು ತಗಡಿನ ಹಲಗೆ. ಗುಡಿಯ ಫ್ಯಾನಿನ ರೆಕ್ಕೆಯ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೊಟ್ಟವರ ಹೆಸರು ಬರೆಸುವ ಹಾಗೆ, ಆ ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ಹನ್ನೊಂದು ಹೆಸರು ಬರೆಸಿದರು. ಬರೆಯುವವನು ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಬರೆದ. ಮೊದಲನೆಯದು ಹೊಂಬಳನದು. ಏಳನೆಯದು ದಸ್ತಗೀರನದು.

ಕೊಡುವ ದಿನ ಬ್ಯಾಂಡು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಕಾಲೊನಿಯವರು ಬಿ ಲೈನಿನ ತುಂಬ ನಿಂತಿದ್ದರು. ಕಲ್ಮೇಶನನ್ನು ಎತ್ತಿ ನನ್ನಲ್ಲಿ ಕೂರಿಸಿದರು. ಫೋಟೊ ತೆಗೆದರು. ಹೊಂಬಳ ಒಂದು ಕಾಗದವನ್ನು ನನ್ನ ಎಡಗೈಯ ಮೇಲೆ ಹಾಸಿ, ಕುರ್ಚಿ ಮುಟ್ಟಿದ್ದಕ್ಕೆ ಇಲ್ಲೊಂದು ಸಹಿ ತಂಗೀ, ಎಂದ. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡು ಸಹಿ ಮಾಡಿದಳು. ಪೆನ್ನಿನ ಒತ್ತು ನನ್ನ ಮೈಗೆ ತಾಗಿತು. ಏನು ಬರೆದಿತ್ತೋ, ನನಗೆ ಓದಲು ಬಾರದು. ಅವಳಿಗೆ ಬರುತ್ತಿತ್ತು. ಅವಳು ಓದಲಿಲ್ಲ. ಎರಡು ತಿಂಗಳು ಊಟ ಕೊಟ್ಟ ಜನರ ಎದುರು ನಿಂತು ಕಾಗದ ಓದುವುದು ಹೇಗೆ?

ಆಮೇಲೆ ಮನೆಯೊಳಗೆ ತಳ್ಳಿದರು. ನಾನು ಬಾಗಿಲಿನಲ್ಲಿ ಸಿಕ್ಕಿಕೊಂಡೆ.

ಇಂಜಿನ್ನಿನ ಚಕ್ರದ ಅಳತೆಯನ್ನು ಕೂದಲೆಳೆ ತಪ್ಪದಂತೆ ಹಿಡಿಯುವ ಶೆಡ್ಡು ಅದು. ಒಬ್ಬನೂ ಬಂದು ಆ ಮನೆಯ ಬಾಗಿಲು ಅಳೆದಿರಲಿಲ್ಲ. ನಾಲ್ಕು ಬೆರಳು ಹೆಚ್ಚಾಗಿದ್ದೆ. ಓರೆ ಮಾಡಿ ನೋಡಿದರು, ಎತ್ತಿ ನೋಡಿದರು. ಯಾರೋ ಮೀಟರ್ ಗೇಜ್ ಹಳಿಗೆ ಬ್ರಾಡ್ ಗೇಜ್ ಬಂಡಿ ಎಂದು ನಗೆಯಾಡಿದರು. ಕಲ್ಮೇಶನೂ ನಕ್ಕ. ಚೌಕಟ್ಟು ಒಡೆಸಿ ಅಗಲ ಮಾಡಿಸೋಣ, ಅರ್ಜಿ ಹಾಕುತ್ತೇನೆ ಎಂದು ಹೊಂಬಳ ಹೇಳಿ ಹೋದ. ಅಲ್ಲಿಯವರೆಗೆ ನಾನು ಮುಂದಿನ ಪಡಸಾಲೆಯಲ್ಲಿರುವುದು ಎಂದಾಯಿತು. ಅರ್ಜಿ ಯಾವ ಮೇಜಿನ ಮೇಲೆ ಹೋಯಿತೋ. ಬಾಗಿಲು ಹಾಗೇ ಉಳಿಯಿತು.

ಹುಡುಗನನ್ನು ಬೆಳಿಗ್ಗೆ ಹೊರಗೆ ತರಲು, ಸಂಜೆ ಒಳಗೆ ಒಯ್ಯಲು ಗಂಡಸಿನ ತೋಳು ಬೇಕಿತ್ತು. ದಸ್ತಗೀರ ಬರತೊಡಗಿದ. ಯಾರೂ ಅವನಿಗೆ ಹೇಳಿರಲಿಲ್ಲ. ಶೆಡ್ಡಿಗೆ ಹೋಗುವ ಮುಂಚೆ ಒಮ್ಮೆ, ಬರುವಾಗ ಒಮ್ಮೆ. ಕಲ್ಮೇಶ ಅವನನ್ನು ಚಾಚಾ ಎನ್ನುತ್ತಿದ್ದ, ಅವನ ಕೊರಳಿಗೆ ಕೈಹಾಕಿ ಇಂದು ಯಾವ ಇಂಜಿನ್ ಬಂತು ಎಂದು ಕೇಳುತ್ತಿದ್ದ. ನಿನ್ನ ತೂಕ ಹೆಚ್ಚಾಯಿತು, ನಾಳೆಯಿಂದ ಕ್ರೇನ್ ತರಿಸುತ್ತೇನೆ ಎಂದು ದಸ್ತಗೀರ ಗೊಣಗುತ್ತಿದ್ದ. ಪ್ರತಿದಿನ ಅದೇ ಮಾತು, ಪ್ರತಿದಿನ ಹುಡುಗ ನಗುತ್ತಿದ್ದ. ದಸ್ತಗೀರ ನನ್ನ ಎಡಗೈಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಲಗಡೆಯಿಂದಲೇ ಎತ್ತುತ್ತಿದ್ದ.

ದಿನ ಕಳೆದಂತೆ ಡಬ್ಬಿಗಳು ಕಡಿಮೆಯಾದವು, ಆಮೇಲೆ ನಿಂತವು. ಅದರಲ್ಲಿ ತಪ್ಪೇನಿಲ್ಲ, ಜನಕ್ಕೆ ಅವರವರ ಮನೆಯಿದೆ. ಅದೇ ಹೊತ್ತಿಗೆ ಒಂದು ಮಾತು ಹುಟ್ಟಿತು. ಮೇಲಿನ ಆಫೀಸಿನವರು ಮೈದಾನಕ್ಕೆ ಬೀಗ ಹಾಕಿಸಿದ್ದರು, ಆಟಗಳು ನಿಂತಿದ್ದವು. ಯಾಕೆ ಎಂದರೆ, ಕಲ್ಮೇಶ ಮಂಗನಾಟ ಮಾಡಿ ಗೋಲಿಗೆ ಜೋತುಬಿದ್ದಿದ್ದಕ್ಕಂತೆ. ಈ ಮಾತು ಮೊದಲು ನಲ್ಲಿಯ ಹತ್ತಿರ ಕೇಳಿಸಿತು, ಆಮೇಲೆ ಶಾಲೆಯಲ್ಲಿ, ಕೊನೆಗೆ ನಮ್ಮ ಪಡಸಾಲೆಯ ಮುಂದೆಯೇ. ಅವನ ಜೊತೆ ಆಡಿದ ಹುಡುಗರು ಸೈಕಲ್ ಮೇಲೆ ಹೋಗುವಾಗ ತಿರುಗಿ ನೋಡುತ್ತಿರಲಿಲ್ಲ. ಒಬ್ಬ ಒಮ್ಮೆ ನಿಂತು, "ನೀ ಜೋತುಬೀಳದಿದ್ರ ಈ ಸಲ ಡಿಸ್ಟ್ರಿಕ್ಟ್ ನಮ್ದಿತ್ತು," ಎಂದು ಹೇಳಿ ಹೋದ.

ಕಲ್ಮೇಶ ಅವತ್ತು ಅವ್ವನಿಗೆ ಹೇಳಿದ:

"ಅವ್ವಾ, ನಾ ಜೋತುಬಿದ್ದಿಲ್ಲ. ಕೈ ತಾಕಿತು ಅಷ್ಟ. ಅದು ಮೊದಲ ಅಳ್ಳಾಡತಿತ್ತು."

ಸುನಂದಾ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಇರ್ಲಿ ಬಿಡೋ. ಆದದ್ದಾತು."

"ನೀ ನಂಬ್ತೀಯೋ ಇಲ್ಲೋ?"

"ಇಷ್ಟು ಮಂದಿ ನಮಗ ಮಾಡ್ಯಾರ. ಅವರು ಯಾಕ ಸುಳ್ಳು ಹೇಳ್ತಾರಪಾ?"

ಅವನು ಮತ್ತೆ ಕೇಳಲಿಲ್ಲ. ಆ ದಿನದಿಂದ ಅವನ ಕೈ ನನ್ನ ಮೇಲೆ ಅಲೆದಾಡತೊಡಗಿತು. ಮಾತಾಡುವವರಿಲ್ಲದವರ ಕೈ ಹೀಗೆಯೇ ಏನನ್ನಾದರೂ ಸವರುತ್ತದೆ. ಉಗುರಿನಿಂದ ಬಣ್ಣ ಕೀಳುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಅವನ ಬೆರಳು ನನ್ನ ಎಡಗೈಯ ಕೆಳಗೆ ಹೋಯಿತು. ಅಲ್ಲಿ ನಿಂತಿತು. ಮುಂದೆ ಹೋಗಿ ಹಿಂದೆ ಬಂತು. ಹಲ್ಲಿಯ ಬೆನ್ನು. ಅವನು ಬಾಗಿ ನೋಡಲಿಲ್ಲ. ಗೆಣ್ಣು ಮಡಿಸಿ ಎರಡು ಸಲ ಬಡಿದ.

ನಾನು ಮೊದಲಿನಷ್ಟು ಉದ್ದವಿಲ್ಲ. ನನ್ನ ಸದ್ದೂ ಗಿಡ್ಡವಾಗಿತ್ತು. ಆದರೂ ಎಂದೆ. ಟಣ್.

ಸ್ಟೋರಿನಿಂದ ಬಂದ ಅವ್ವನಿಗೆ, ಇದು ನಮ್ಮ ಗೋಲು ಎಂದು ಹೇಳಿದ. ಪೈಪು ಎಲ್ಲಾ ಒಂದೇ ಥರ ಇರುತ್ತವೆ ಎಂದಳು ಅವಳು. ಸಂಜೆ ದಸ್ತಗೀರ ಬಂದು ಎತ್ತಲು ಬಾಗಿದಾಗ ಕಲ್ಮೇಶ ಅವನ ಕೈ ಹಿಡಿದು ಎಳೆದು, ಆ ದಪ್ಪ ಬೆರಳನ್ನು ಬೆಸುಗೆಯ ಮೇಲೆ ಇಟ್ಟ.

"ಚಾಚಾ, ಇದು ನಿಮ್ಮ ಕೈ ಬೆಸುಗಿ ಅಲ್ಲೇನು?"

ದಸ್ತಗೀರ ಬೆರಳು ತೆಗೆಯಲಿಲ್ಲ. ಅಲ್ಲಿಯೇ ನೆಲದ ಮೇಲೆ ಕುಳಿತ. ಹುಡುಗನ ಸತ್ತ ಕಾಲುಗಳು ಅವನ ಮುಖದ ಮುಂದೆ ಇದ್ದವು. ಸುನಂದಾ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡದೆ ಎಲ್ಲ ಹೇಳಿದ. ಗೂಟ ಹೊಡೆಯದ್ದು, ಸುಣ್ಣದ ಗೀಟು, ಊಟದ ಹೊತ್ತಿನಲ್ಲಿ ಕತ್ತರಿಸಿದ್ದು. ಅವಳು ಸಹಿ ಮಾಡಿದ್ದು ಕುರ್ಚಿಯ ರಸೀದಿಯಲ್ಲ, ಹುಡುಗ ತಂಟೆ ಮಾಡಿ ಜೋತುಬಿದ್ದ, ನನಗೆ ಯಾರ ಮೇಲೂ ದೂರಿಲ್ಲ ಎಂಬ ಹೇಳಿಕೆ ಎಂಬುದನ್ನೂ ಹೇಳಿದ. ಅದನ್ನು ಬರೆಯುವಾಗ ತಾನು ಅಲ್ಲಿದ್ದೆ ಎಂದ.

ಸುನಂದಾ ಒಂದೇ ಮಾತು ಕೇಳಿದಳು. "ಇದನ್ನ ಸಾಹೇಬರ ಮುಂದ ಹೇಳ್ತೀರೇನಣ್ಣಾ?"

"ಖುದಾನ ಮ್ಯಾಲ ಆಣಿ," ಎಂದ ದಸ್ತಗೀರ. ಹುಡುಗನ ಮೊಣಕಾಲು ಮುಟ್ಟಿ ಹೇಳಿದ. ಹುಡುಗನಿಗೆ ಆ ಸ್ಪರ್ಶ ತಿಳಿಯುವಂತಿರಲಿಲ್ಲ.

ಮೈದಾನ ಮತ್ತೆ ತೆರೆಯುವ ವಿಚಾರಕ್ಕೆ ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ಆ ಶನಿವಾರ ಸಂಘದ ಹಾಲಿಗೆ ಬರುವವರಿದ್ದರು. ಸುನಂದಾ ಅರ್ಜಿ ಬರೆದು ಸಮಯ ಕೇಳಿದಳು. ಶನಿವಾರ ಅವಳೇ ನನ್ನನ್ನು ತಳ್ಳಿಕೊಂಡು ಹೋದಳು. ಉಬ್ಬುತಗ್ಗಿನ ರಸ್ತೆ, ನಾನು ಭಾರ. ಒಬ್ಬರೂ ಕೈ ಹಚ್ಚಲಿಲ್ಲ. ಹಾಲಿನ ತುಂಬ ಊಟ ಕೊಟ್ಟವರೇ ಕುಳಿತಿದ್ದರು.

ಅವಳು ಹೇಳಿದ್ದು ನಾಲ್ಕು ಮಾತು. ಗೋಲು ನೆಲಕ್ಕೆ ಹೂತಿರಲಿಲ್ಲ. ನನ್ನ ಮಗ ಮೊದಲೇ ಹೇಳಿದ್ದ. ಅದನ್ನು ಕತ್ತರಿಸಿ ಈ ಕುರ್ಚಿ ಮಾಡಿದ್ದಾರೆ. ಬೆಸುಗೆ ಇಲ್ಲಿದೆ, ನೋಡಿ.

ಸಾಹೇಬರು ಎದ್ದು ಬಂದು ಬಾಗಿ ನೋಡಿದರು. ಹೊಂಬಳ ಅವಸರ ಮಾಡಲಿಲ್ಲ. ಫೈಲು ತೆರೆದು ಕಾಗದ ತೆಗೆದು ಓದಿದ. ಓದಿ ಮುಗಿಸಿ ಅವಳ ಕಡೆ ತಿರುಗಿದ.

"ಇದು ನಿನ್ನ ಸಹಿ ಹೌದಲ್ಲ, ತಂಗೀ?"

"ಹೌದ್ರಿ."

"ನಾವೇನು ಕಡಿಮಿ ಮಾಡೀವಿ ನಿನಗ?"

ಅವಳು ಸಾಹೇಬರ ಕಡೆ ತಿರುಗಿದಳು. ದಸ್ತಗೀರಣ್ಣನನ್ನು ಕೇಳಿ ಎಂದಳು. ಮೂರನೆಯ ಸಾಲಿನಲ್ಲಿ ದಸ್ತಗೀರ ಎದ್ದು ನಿಂತ. ಟೋಪಿ ಕೈಯಲ್ಲಿತ್ತು. ಕಲ್ಮೇಶ ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದ. ಹೊಂಬಳ ಅವನ ಕಡೆ ನೋಡಲೂ ಇಲ್ಲ, ಫೈಲಿನ ದಾರ ಕಟ್ಟುತ್ತಿದ್ದ.

"ಪೈಪು ಎಲ್ಲಾ ಒಂದ ಥರಾ ಇರ್ತಾವ್ರಿ ಸಾಹೇಬ್ರ," ಎಂದ ದಸ್ತಗೀರ. "ನನಗ ನೆನಪಿಲ್ರಿ."

ಸಾಹೇಬರು ಕಲ್ಮೇಶನ ತಲೆ ಸವರಿದರು. ಕುರ್ಚಿ ಗಟ್ಟಿಮುಟ್ಟಾಗಿದೆ, ಕಾಲೊನಿ ಅಂದರೆ ಹೀಗಿರಬೇಕು ಎಂದರು. ಚಹಾ ಬಂತು.

ಮರಳಿ ಬರುವ ದಾರಿಯಲ್ಲಿ, ನೀರಿನ ಟಾಕಿಯ ಹತ್ತಿರ, ಸುನಂದಾ ಸುಸ್ತಾಗಿ ನಿಂತಳು. ನನ್ನ ಬೆನ್ನಿನ ಹಲಗೆಗೆ, ಆ ಹನ್ನೊಂದು ಹೆಸರುಗಳಿಗೆ, ಹಣೆ ಒರಗಿಸಿದಳು.

"ನಾ ಓದಿ ಸಹಿ ಮಾಡಬೇಕಿತ್ತೋ ಕಲ್ಮೇಶ."

"ನೀ ನನ್ನ ನಂಬಬೇಕಿತ್ತು."

"ಈಗ ನಂಬೀನಿ."

"ನನ್ನಲ್ಲ. ಪೈಪ್ ನಂಬೀದಿ," ಎಂದ ಹುಡುಗ. ಸಿಟ್ಟಿನಿಂದಲ್ಲ. ಅದು ಹಾಗೆ ಎಂದು ತಿಳಿಸುವ ದನಿ.

ಅವಳು ಹಲಗೆಯಿಂದ ಹಣೆ ಎತ್ತಿದಳು. ಆಮೇಲೆ ತಳ್ಳಿದಳು.

ಆ ಸಂಜೆಯೂ ದಸ್ತಗೀರ ಬಂದ. ಬಾರದಿರುವುದು ಅವನಿಗೆ ಗೊತ್ತಿರಲಿಲ್ಲವೇನೋ. ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತ. ಕಲ್ಮೇಶ ಮುಖ ತಿರುಗಿಸಿದ. ಸುನಂದಾ ಒಳಗಿಂದ ಬಂದು, ಸೆರಗು ಸೊಂಟಕ್ಕೆ ಬಿಗಿದು, ಮಗನ ಕಂಕುಳಲ್ಲಿ ಕೈಹಾಕಿ ಎತ್ತಿದಳು. ಎತ್ತಲಾಗಲಿಲ್ಲ. ಮತ್ತೆ ಎತ್ತಿದಳು. ಇಬ್ಬರೂ ಹೊಸ್ತಿಲಿನ ಮೇಲೆ ಬಿದ್ದರು. ದಸ್ತಗೀರ ಒಂದು ಹೆಜ್ಜೆ ಮುಂದಿಟ್ಟ. "ಬ್ಯಾಡ್ರಿ," ಎಂದಳು. ಮಗನನ್ನು ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಹೊರಗೆ ನಾವಿಬ್ಬರು ಉಳಿದೆವು, ಅವನು ಮತ್ತು ನಾನು.

ಮಳೆಗಾಲದ ಮುಂಚೆ ಅವಳಿಗೆ ಬೇರೆ ಕಡೆ ವರ್ಗವಾಯಿತು, ತಾನೇ ಕೇಳಿಕೊಂಡದ್ದು. ದಿನಕ್ಕೆ ಎರಡು ಬಂಡಿ ನಿಲ್ಲುವ ಸಣ್ಣ ಸ್ಟೇಷನ್ನು. ಲಾರಿಗೆ ಸಾಮಾನು ಹೇರುತ್ತಿರುವಾಗ ಕಲ್ಮೇಶ ಪಡಸಾಲೆಯ ಹಾಸಿನ ಮೇಲೆ ನನ್ನ ಬೆನ್ನಿನ ಹಿಂದೆ ಕುಳಿತಿದ್ದ. ಟ್ರಂಕಿನ ಕೀಲಿ ಅವನ ಕೈಯಲ್ಲಿತ್ತು. ಹನ್ನೊಂದು ಹೆಸರುಗಳ ಕೆಳಗೆ ಅದರಿಂದ ಏನೋ ಕೊರೆದ. ಬಣ್ಣ ಹೋಗಿ ತಗಡು ಕಾಣುವಷ್ಟು ಆಳವಾಗಿ, ನಿಧಾನವಾಗಿ. ನಾಲ್ಕು ಅಕ್ಷರ ದಾಟಲಿಲ್ಲ. ಆಮೇಲೆ ನನ್ನನ್ನು ಲಾರಿಗೆ ಹಾಕಲು ಬಂದವರಿಗೆ, ಇದು ನಮ್ಮದಲ್ಲ, ಸಂಘಕ್ಕೆ ಕೊಟ್ಟುಬಿಡಿ ಎಂದ. ಹೋಗುವಾಗ ಅವನು ನನ್ನನ್ನು ಬಡಿಯಲಿಲ್ಲ.

ಸಂಘದ ಕೋಣೆಯಲ್ಲಿ, ಮುರಿದ ಕೇರಂ ಬೋರ್ಡಿನ ಹಿಂದೆ, ಹನ್ನೆರಡು ವರ್ಷ ಇದ್ದೆ. ಸುಣ್ಣದ ಗೀಟು ಬೀಳಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ನನ್ನನ್ನು ಪುಸ್ತಕದಿಂದ ತೆಗೆಯುವುದು ಹೇಗೆ?

ಒಂದು ದಿನ ಬೀಗ ತೆಗೆದರು. ಚಕ್ರಕ್ಕೆ ಎಣ್ಣೆ ಬಿಟ್ಟರು. ದಸ್ತಗೀರನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಸಂಘದಲ್ಲಿ ಕುರ್ಚಿಯೊಂದು ಸುಮ್ಮನೆ ಇದೆಯಲ್ಲ ಎಂದು ಯಾರಿಗೋ ನೆನಪಾಗಿತ್ತು. ಯಾರದಾಗಿತ್ತು ಎಂಬುದು ನೆನಪಿರಲಿಲ್ಲ. ಅವನು ಕಟ್ಟಿಸಿಕೊಂಡ ಎರಡು ಕೋಣೆಯ ಮನೆಗೆ ನನ್ನನ್ನು ತಳ್ಳಿಕೊಂಡು ಹೋದರು. ಅಲ್ಲಿಯ ಬಾಗಿಲಿಗೂ ನಾನು ಹಿಡಿಸಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಈಗ ನನ್ನ ಜಾಗ ಅದು.

ಅವನನ್ನು ತಂದು ಕೂರಿಸಿದ ದಿನ ಅವನ ಎಡಗೈ, ಇನ್ನೂ ಜೀವವಿರುವ ಕೈ, ಒಂದು ಕ್ಷಣ ಗಾಳಿಯಲ್ಲೇ ನಿಂತಿತ್ತು. ಇಡಲು ಬೇರೆ ಜಾಗವಿಲ್ಲ. ಇಟ್ಟ. ಬೆರಳು ತಾನೇ ಕೆಳಗೆ ಹೋಗಿ ಬೆಸುಗೆಯನ್ನು ಕಂಡುಕೊಂಡಿತು.

ಹೊಂಬಳ ಈಗ ಕೋಲು ಹಿಡಿದು ನಡೆಯುವ ಮುದುಕ. ಶುಕ್ರವಾರಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಹಳೆಯ ಇಂಜಿನ್ನುಗಳ ಮಾತಾಡಿ ಹೋಗುತ್ತಾನೆ. ಒಮ್ಮೆ ದಸ್ತಗೀರ, ಹೊರಳದ ನಾಲಿಗೆಯಿಂದ, ಹಲಗೆಯ ಮೇಲೆ ಕೆಳಗೇನೋ ಗೀಚಿದೆಯೆಂದು ಹೆಂಡತಿ ಹೇಳುತ್ತಾಳೆ, ಅವಳಿಗೆ ಓದು ಬಾರದು, ಏನದು ನೋಡ್ರಿ, ಎಂದು ಕೇಳಿದ. ಹೊಂಬಳ ಹಿಂದೆ ಬಂದು ಬಾಗಿದ. ಅವನ ಉಸಿರು ನನ್ನ ಬೆನ್ನಿಗೆ ತಾಗಿತು.

"ಏನಿಲ್ಲೋ," ಎಂದ. "ತುಕ್ಕು ಹಿಡದೈತಿ."

ಆಮೇಲೆ ಆ ಶುಕ್ರವಾರ ಅವನು ಚಹಾಕ್ಕೆ ನಿಲ್ಲಲಿಲ್ಲ.

ಅವನು ಹೋದ ಮೇಲೆ ದಸ್ತಗೀರ ಎಡಗೈಯನ್ನು ಹಿಂದೆ ತಿರುಚಿದ. ಬಹಳ ನೋವಾಗುವಂತೆ ತಿರುಚಬೇಕಾಯಿತು. ಬೆರಳಿನಿಂದ ಒಂದೊಂದೇ ಗೀಟನ್ನು ಸವರಿದ, ನಲವತ್ತು ವರ್ಷ ಕಬ್ಬಿಣವನ್ನು ಬೆರಳಿನಿಂದ ಓದಿದವನು. ಮೊದಲ ಅಕ್ಷರ. ಎರಡನೆಯದು, ಅದರ ಒತ್ತು. ಮೂರನೆಯದನ್ನು ಅವನು ಮುಟ್ಟಲಿಲ್ಲ. "ಕಲ್ಮೇಶ," ಎಂದ. ಲಕ್ವಾ ಹೊಡೆದ ಮೇಲೆ ಅವನು ತಡವರಿಸದೆ ಆಡಿದ ಮೊದಲ ಮಾತು ಅದೇ. ಕೊಟ್ಟವರ ಪಟ್ಟಿಯಲ್ಲಿ, ಎಲ್ಲರಿಗಿಂತ ಕೆಳಗೆ, ಹನ್ನೆರಡನೆಯ ಹೆಸರು.

ಸಂಜೆಯಾದರೆ ಅವನನ್ನು ಒಳಗೆ ಒಯ್ಯಲು ನೆರೆಯವರು ಬರಬೇಕು. ಒಮ್ಮೊಮ್ಮೆ ತಡವಾಗುತ್ತದೆ. ಆಗ ನಾವಿಬ್ಬರೂ ಬಾಗಿಲ ಕಡೆ ನೋಡುತ್ತ ಕುಳಿತಿರುತ್ತೇವೆ. ಅವನ ಬೆರಳು ಬೆಸುಗೆಯ ಮೇಲೆ ಇರುತ್ತದೆ. ಅವನು ಅದನ್ನು ಉಜ್ಜಿ ನುಣ್ಣಗೆ ಮಾಡಿದ್ದರೆ ಆ ಹುಡುಗನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಉಜ್ಜಿರಲಿಲ್ಲ, ಕತ್ತರಿಸುವಾಗಲೂ ಉಳಿಸಿದ್ದ. ಕೈ ಮಾಡಿದ್ದನ್ನು ಬಾಯಿ ಯಾಕೆ ಮಾಡಲಿಲ್ಲವೋ, ನನಗೆ ತಿಳಿಯದು. ನಾನು ಟೊಳ್ಳು ಪೈಪು. ಬಡಿದರೆ ಮಾತ್ರ ಸದ್ದು ಮಾಡುತ್ತೇನೆ. ದಸ್ತಗೀರ ಸವರುತ್ತಾನೆ, ಬಡಿಯುವುದಿಲ್ಲ.